ಅತ್ತ ದರಿ, ಇತ್ತ ಠಾಣೆ: ಕೊರಿಯಾದ ಮಾರುವೇಷದ ಪೊಲೀಸರು ನಮ್ಮನ್ನು ಹಿಡಿದು ಕೂರಿಸುವುದು ಹೇಗೆ?

"ಇದೊಂದು ಕೆಲಸ ಮುಗಿಸಿಕೊಡು, ಆಮೇಲೆ ನಿನ್ನನ್ನು ವಾಪಸ್ ಕರೆಸಿಕೊಳ್ತೀವಿ." ಕೊರಿಯಾದ ಮಾರುವೇಷದ ಪೊಲೀಸ್ ಕಥೆಗಳಲ್ಲಿ ಮೇಲಧಿಕಾರಿಯಾದವನು ಒಂದಲ್ಲ ಒಂದು ಧಾಟಿಯಲ್ಲಿ ಈ ಮಾತು ಆಡಿಯೇ ಆಡುತ್ತಾನೆ. ಆ ಒಂದು ಕೆಲಸ ಮುಗಿಯುವುದಿಲ್ಲ. ಮುಗಿದರೂ ಹಿಂದೆಯೇ ಇನ್ನೊಂದು ಕಾದಿರುತ್ತದೆ. ಗ್ಯಾಂಗಿನೊಳಗೆ ಸೇರಿಕೊಂಡ ಪೊಲೀಸ್ ಸಿಕ್ಕಿಬೀಳುತ್ತಾನೋ ಇಲ್ಲವೋ ಎಂಬ ಕುತೂಹಲವೇ ಈ ಕಥೆಗಳ ಬಂಡವಾಳ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಅದು ಅರ್ಧ ಸತ್ಯ. ಸಿಕ್ಕಿಬೀಳುವ ಭಯ ಎಲ್ಲ ದೇಶದ ಪತ್ತೇದಾರಿ ಕಥೆಗಳಲ್ಲೂ ಇದೆ. ಕೊರಿಯನ್ನರು ಅದರಡಿ ಬೇರೊಂದು ಪ್ರಶ್ನೆಯನ್ನು ಹೂತಿಡುತ್ತಾರೆ: ಇಬ್ಬರು ಯಜಮಾನರ ಕೆಳಗೆ ದುಡಿಯುವ ಈ ಮನುಷ್ಯನನ್ನು ಮನುಷ್ಯನಂತೆ ನೋಡಿಕೊಂಡವರು ಯಾರು? ರೌಡಿಯೋ, ಇಲಾಖೆಯೋ?

ಮುಂದೆ ಕೆಲವು ಕಥೆಗಳ ಗುಟ್ಟು ಬಿಟ್ಟುಕೊಡದೆ ಗತ್ಯಂತರವಿಲ್ಲ. ‘ನ್ಯೂ ವರ್ಲ್ಡ್’, ‘ಮೈ ನೇಮ್’ ಎರಡನ್ನೂ ನೋಡಿಲ್ಲವೆಂದರೆ ಮೊದಲು ನೋಡಿ ಬನ್ನಿ, ಲೇಖನ ಎಲ್ಲಿಗೂ ಓಡಿಹೋಗುವುದಿಲ್ಲ.

ಮೊದಲು ಒಂದು ಪದದ ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಪೊಲೀಸರ ಬಾಯಲ್ಲಿ ‘ಮಫ್ತಿ’ ಎಂದರೆ ಸಮವಸ್ತ್ರ ಕಳಚಿಟ್ಟು ಸಾದಾ ಬಟ್ಟೆಯಲ್ಲಿ ಓಡಾಡುವುದು. ಸಂಜೆ ಮನೆಗೆ ಹೋದರೆ ಆತ ಮತ್ತೆ ಆತನೇ. ಕೊರಿಯನ್ನರು ‘ಜಾಮಿಪ್ ಸುಸಾ’ ಎನ್ನುವುದು ಇದಲ್ಲ. ಜಾಮಿಪ್ ಎಂದರೆ ಸದ್ದಿಲ್ಲದೆ ಒಳನುಸುಳುವುದು, ಸುಸಾ ಎಂದರೆ ತನಿಖೆ. ಹೆಸರು, ಊರು, ನೆಂಟಸ್ತಿಕೆ, ಹಳೆಯ ಕೇಸು ಎಲ್ಲವನ್ನೂ ಹೊಸದಾಗಿ ಕಟ್ಟಿಕೊಂಡು ವರ್ಷಗಟ್ಟಲೆ ಇನ್ನೊಬ್ಬನಾಗಿ ಬದುಕುವುದು. ಕನ್ನಡದಲ್ಲಿ ಇಂಥ ಕಥೆ ಇಲ್ಲವೆಂದಲ್ಲ. 2017ರ ‘ಮಫ್ತಿ’ ಚಿತ್ರದಲ್ಲಿ ಶ್ರೀಮುರಳಿ ಡಾನ್ ಒಬ್ಬನ ಕೋಟೆಯೊಳಗೆ ನುಸುಳುವ ಪೊಲೀಸ್. ಆದರೆ ಅಲ್ಲಿ ಶಿವರಾಜ್‌ಕುಮಾರ್ ಮಾಡಿದ ಡಾನ್ ದೊಡ್ಡ ಮನುಷ್ಯನಾದ್ದರಿಂದ ಪೊಲೀಸನ ಮನಸ್ಸು ಕರಗುತ್ತದೆ. ಕೊರಿಯನ್ ಕಥೆಯಲ್ಲಿ ಗ್ಯಾಂಗಿನವನು ದೊಡ್ಡ ಮನುಷ್ಯನಾಗಿರಬೇಕಿಲ್ಲ. ಅವನು ಕೊಲೆಗಡುಕನೇ. ಇವನಿಗೆ ಮಾತ್ರ ಒಳ್ಳೆಯವನು. ತೊಡಕು ಇರುವುದೇ ಅಲ್ಲಿ.

ಈ ಜಾತಿಯ ಕಥೆಯ ಬೇರು ಕೊರಿಯಾದಲ್ಲಿಲ್ಲ, ಹಾಂಗ್‌ಕಾಂಗ್‌ನಲ್ಲಿದೆ. 2002ರ ‘ಇನ್ಫರ್ನಲ್ ಅಫೇರ್ಸ್’ ಪೊಲೀಸ್ ಇಲಾಖೆಯಲ್ಲೊಬ್ಬ ಕಳ್ಳ, ಕಳ್ಳರ ನಡುವೆ ಒಬ್ಬ ಪೊಲೀಸ್ ಎಂಬ ಕನ್ನಡಿ ಆಟವನ್ನು ಹೂಡಿತು. ಹಾಲಿವುಡ್ ಅದನ್ನೇ 2006ರಲ್ಲಿ ‘ದಿ ಡಿಪಾರ್ಟೆಡ್’ ಎಂದು ಮಾಡಿ ಆಸ್ಕರ್ ಎತ್ತಿಕೊಂಡಿತು. ಹಾಂಗ್‌ಕಾಂಗ್ ಚಿತ್ರದ ಚಿಂತೆ ಗುರುತಿನದು: ‘ನಾನು ಯಾರು?’ ಕೊರಿಯಾಕ್ಕೆ ಬರುವಾಗ ಪ್ರಶ್ನೆ ‘ನಾನು ಯಾರವನು?’ ಎಂದಾಯಿತು. ಒಂದೇ ಪ್ರತ್ಯಯದ ವ್ಯತ್ಯಾಸ, ಆದರೆ ಕಥೆಯೇ ಬೇರೆಯಾಗಿಬಿಡುತ್ತದೆ.

ಕಂಪನಿಯಾದ ಗ್ಯಾಂಗು

ಆ ತಿರುವು ಗಟ್ಟಿಯಾಗಿ ಕಾಣಿಸಿದ್ದು 2013ರಲ್ಲಿ, ಪಾರ್ಕ್ ಹೂನ್-ಜಂಗ್ ನಿರ್ದೇಶನದ ‘ನ್ಯೂ ವರ್ಲ್ಡ್’ನಲ್ಲಿ. ಲೀ ಜಂಗ್-ಜೇ (‘ಸ್ಕ್ವಿಡ್ ಗೇಮ್’ನಿಂದ ಈಗ ಎಲ್ಲರಿಗೂ ಪರಿಚಿತ) ಇಲ್ಲಿ ಜಾ-ಸಂಗ್ ಎಂಬ ಪೊಲೀಸ್. ಎಂಟು ವರ್ಷದಿಂದ ‘ಗೋಲ್ಡ್‌ಮೂನ್’ ಎಂಬ ಸಂಸ್ಥೆಯೊಳಗಿದ್ದಾನೆ. ಗೋಲ್ಡ್‌ಮೂನ್ ಹೆಸರಿಗೆ ಕಾರ್ಪೊರೇಟ್ ಕಂಪನಿ, ಒಳಗೆ ಹಲವು ರೌಡಿ ಪಡೆಗಳ ಒಕ್ಕೂಟ. ಅಧ್ಯಕ್ಷ ಸಾಯುತ್ತಾನೆ, ಮುಂದಿನವನು ಯಾರು ಎಂಬ ಜಗಳ ಶುರುವಾಗುತ್ತದೆ. ಪೊಲೀಸರು ಗ್ಯಾಂಗನ್ನು ಮುರಿಯಲು ಹೊರಡುವುದಿಲ್ಲ. ಕುರ್ಚಿಯ ಮೇಲೆ ಯಾರು ಕೂರಬೇಕೆಂದು ತಾವೇ ತೀರ್ಮಾನಿಸಲು ಹೊರಡುತ್ತಾರೆ. ಈ ಕಾರ್ಯಾಚರಣೆಯ ಹೆಸರೇ ‘ಹೊಸ ಲೋಕ’.

ಇಲ್ಲಿ ಹೊಡೆದಾಟಕ್ಕಿಂತ ಹೆಚ್ಚು ಸಮಯ ಹೋಗುವುದು ಮೀಟಿಂಗ್‌ಗಳಲ್ಲಿ. ಸೂಟು, ಉದ್ದನೆಯ ಮೇಜು, ನಿರ್ದೇಶಕ ಮಂಡಳಿಯ ಮತ, ಯಾರು ಯಾರ ಪಕ್ಕ ಕೂತರು ಎಂಬ ಲೆಕ್ಕ. ಇದು ಬರೇ ಅಲಂಕಾರವಲ್ಲ. 1990ರ ಅಕ್ಟೋಬರ್ 13ರಂದು ಅಧ್ಯಕ್ಷ ರೋ ತೇ-ವೂ ‘ಅಪರಾಧದ ವಿರುದ್ಧ ಯುದ್ಧ’ ಸಾರಿದ ಮೇಲೆ ಬೀದಿಯಲ್ಲಿ ರಾಜಾರೋಷವಾಗಿ ಮೆರೆಯುತ್ತಿದ್ದ ‘ಜೋಪೊಕ್’ಗಳ, ಅಂದರೆ ಸಂಘಟಿತ ರೌಡಿ ಪಡೆಗಳ ಮೇಲೆ ಸಾಲುಸಾಲು ದಾಳಿ ನಡೆಯಿತು. ಅದಾದ ಬಳಿಕದ ಕೊರಿಯನ್ ಸಿನಿಮಾದ ರೌಡಿ ಬೀದಿಗಿಂತ ಹೆಚ್ಚಾಗಿ ಆಫೀಸಿನಲ್ಲಿ ಕೂರುತ್ತಾನೆ: ಕಟ್ಟಡ ಗುತ್ತಿಗೆ, ನೈಟ್‌ಕ್ಲಬ್, ಸಾಲದ ವ್ಯವಹಾರ. ಹಾಗಾಗಿ ಮಾರುವೇಷದ ಪೊಲೀಸ್ ಎಂದರೆ ಏಕಕಾಲಕ್ಕೆ ಎರಡು ಕಚೇರಿಯ ನೌಕರ. ಎರಡೂ ಕಡೆ ಬಡ್ತಿ ಉಂಟು, ಎರಡೂ ಕಡೆ ಹಿರಿಯರ ಕಾಟ ಉಂಟು. ಗ್ಯಾಂಗಿನಲ್ಲಿ ಬಡ್ತಿ ಸಿಗುತ್ತಲೇ ಹೋಗುತ್ತದೆ. ಇಲಾಖೆಯಲ್ಲಿ ಫೈಲು ಕದಲುವುದಿಲ್ಲ. ಚಾಕು ಹಿಡಿದ ಆಫೀಸ್ ಡ್ರಾಮಾ ಎಂದು ಕರೆದರೆ ತಪ್ಪಾಗಲಾರದು. ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಇದನ್ನು ನೋಡಲು ಕೂರುವ ಬೆಂಗಳೂರಿನವರಿಗೆ ಸಿಯೋಲ್ ದೂರವೆನಿಸದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹ್ವಾಂಗ್ ಜಂಗ್-ಮಿನ್ ಮಾಡಿದ ಜಂಗ್ ಚಂಗ್ ಪಾತ್ರವನ್ನು ಗಮನಿಸಿ. ಬಿಳಿ ಸೂಟು, ಕಾಲಿಗೆ ಚಪ್ಪಲಿ, ಬಾಯಲ್ಲಿ ಬೈಗುಳ. ವಿಮಾನ ಇಳಿದು ಬರುತ್ತಲೇ ಜಾ-ಸಂಗ್‌ಗೆ ನಕಲಿ ಬ್ರ್ಯಾಂಡಿನ ಗಡಿಯಾರ ಉಡುಗೊರೆ ಕೊಡುತ್ತಾನೆ. ಇಬ್ಬರೂ ಕೊರಿಯಾದಲ್ಲಿ ನೆಲೆಸಿದ ಚೀನೀ ಮೂಲದವರು, ಯೋಸು ಬಂದರಿನ ಕಾಲದಿಂದ ಜೊತೆಗಾರರು. ಇತ್ತ ಚೋಯ್ ಮಿನ್-ಸಿಕ್ ಮಾಡಿದ ಮೇಲಧಿಕಾರಿ ಕಾಂಗ್, ಜಾ-ಸಂಗ್‌ನನ್ನು ಆರಿಸಿಕೊಂಡದ್ದೂ ಆ ಚೀನೀ ಮೂಲಕ್ಕಾಗಿಯೇ. ಅಂದರೆ ಒಬ್ಬನಿಗೆ ಅವನ ಹುಟ್ಟು ನೆಂಟಸ್ತಿಕೆ, ಇನ್ನೊಬ್ಬನಿಗೆ ಉಪಕರಣ. ಜಾ-ಸಂಗ್‌ನ ಹೆಂಡತಿಯಿಂದಲೂ ಇಲಾಖೆ ಗುಟ್ಟಾಗಿ ವರದಿ ತರಿಸಿಕೊಳ್ಳುತ್ತಿರುತ್ತದೆ. ಕೊನೆಗೆ ಜಂಗ್ ಚಂಗ್‌ಗೆ ಇವನು ಪೊಲೀಸ್ ಎಂದು ತಿಳಿಯುತ್ತದೆ. ಬೇರೆ ಒಳನುಸುಳಿದವರನ್ನು ಕೊಲ್ಲಿಸುತ್ತಾನೆ, ಇವನನ್ನು ಬಿಡುತ್ತಾನೆ. ಯಾಕೆ ಬಿಟ್ಟ ಎಂದು ಚಿತ್ರ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಹೇಳದಿರುವುದೇ ಪಾರ್ಕ್ ಹೂನ್-ಜಂಗ್ ಜಾಣತನ.

ಏಕವಚನ, ಬಹುವಚನ, ‘ಅಣ್ಣ’

ಈ ಕಥೆಗಳನ್ನು ಇಂಗ್ಲಿಷ್ ಸಬ್‌ಟೈಟಲ್ ನಂಬಿ ನೋಡಿದರೆ ಅರ್ಧ ನಾಟಕ ಕೈತಪ್ಪುತ್ತದೆ. ಕೊರಿಯನ್ ಭಾಷೆಯಲ್ಲಿ ಎದುರಿನವನ ವಯಸ್ಸು, ಹುದ್ದೆ, ಸಲುಗೆ ನೋಡಿ ಕ್ರಿಯಾಪದದ ಬಾಲವೇ ಬದಲಾಗುತ್ತದೆ. ‘-ಮ್ನಿದಾ’ ಎಂದು ಮುಗಿದರೆ ಕಚೇರಿಯ ಗೌರವ, ‘-ಯೊ’ ಎಂದರೆ ಸೌಜನ್ಯ, ಬಾಲವೇ ಬಿದ್ದುಹೋದರೆ ‘ಬನ್‌ಮಲ್’, ನಮ್ಮ ಏಕವಚನದ ಹಾಗೆ. ಇಂಗ್ಲಿಷ್‌ನಲ್ಲಿ ಎಲ್ಲಕ್ಕೂ ಒಂದೇ ‘ಯೂ’. ಕನ್ನಡದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ‘ಬನ್ನಿ ಸಾರ್’ ಎನ್ನುತ್ತಿದ್ದವನು ಒಮ್ಮೆಲೇ ‘ಬಾರೋ’ ಎಂದರೆ ಗಾಳಿ ತಿರುಗಿತು ಎಂದು ನಮಗೆ ಗೊತ್ತು.

ಕಿರಿಯ ಗಂಡಸು ಹಿರಿಯ ಗಂಡಸನ್ನು ಕರೆಯುವುದು ‘ಹ್ಯಂಗ್’, ಅಣ್ಣ. ಅದಕ್ಕೆ ಗೌರವದ ‘ನಿಮ್’ ಸೇರಿ ‘ಹ್ಯಂಗ್‌ನಿಮ್’ ಆದರೆ ಗ್ಯಾಂಗಿನ ಒಡೆಯ. ಸಬ್‌ಟೈಟಲ್ ಅದನ್ನು ಬಹುತೇಕ ‘ಬಾಸ್’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಬೆಂಗಳೂರಿನ ಭೂಗತ ಲೋಕದ ಕಥೆಗಳಲ್ಲಿ ‘ಅಣ್ಣ’ ಎಂಬ ಮಾತಿಗಿರುವ ತೂಕವೇ ಇದಕ್ಕೂ ಇದೆ: ಅಧಿಕಾರವೂ ಹೌದು, ರಕ್ಷಣೆಯೂ ಹೌದು. ಮಾರುವೇಷದ ಪೊಲೀಸ್ ಮೊದಲು ‘ಹ್ಯಂಗ್‌ನಿಮ್’ ಎನ್ನುತ್ತಾನೆ, ಕೆಲಸಕ್ಕಾಗಿ. ಯಾವುದೋ ಒಂದು ರಾತ್ರಿ ಕುಡಿತದ ನಡುವೆ ‘ನಿಮ್’ ಉದುರಿ ‘ಹ್ಯಂಗ್’ ಉಳಿಯುತ್ತದೆ. ಅವನು ಅಲ್ಲೇ ಜಾರಿದ. ‘ನ್ಯೂ ವರ್ಲ್ಡ್’ನಲ್ಲಿ ಜಂಗ್ ಚಂಗ್ ಇನ್ನೂ ಮುಂದೆ ಹೋಗಿ ಇಂಗ್ಲಿಷಿನ ‘ಬ್ರದರ್’ ಪದವನ್ನೇ ಕೊರಿಯನ್ ಉಚ್ಚಾರದಲ್ಲಿ ಬಳಸುತ್ತಾನೆ. ಅಣ್ಣ-ತಮ್ಮ ಎಂಬ ಮೇಲು-ಕೀಳಿಲ್ಲದ ಪದ ಕೊರಿಯನ್‌ನಲ್ಲಿ ಸುಲಭಕ್ಕೆ ಸಿಗದ್ದರಿಂದ ಹೊರಗಿನದು ಬೇಕಾಯಿತು.

2017ರಲ್ಲಿ ಕಾನ್ ಚಿತ್ರೋತ್ಸವದ ಮಧ್ಯರಾತ್ರಿ ವಿಭಾಗಕ್ಕೆ ಹೋದ ‘ದಿ ಮರ್ಸಿಲೆಸ್’ ಈ ಜಾರುವಿಕೆಯನ್ನೇ ಕಥೆ ಮಾಡಿಕೊಂಡಿತು. ಜೈಲಿಗೆ ಕಳುಹಿಸಲ್ಪಟ್ಟ ಯುವ ಪೊಲೀಸ್ (ಇಮ್ ಸಿ-ವಾನ್) ಕಥೆಯ ನಡುವೆಯೇ ರೌಡಿಗೆ (ಸೋಲ್ ಕ್ಯಂಗ್-ಗು) ತಾನು ಪೊಲೀಸ್ ಎಂದು ಹೇಳಿಬಿಡುತ್ತಾನೆ. ಗುಟ್ಟು ಒಡೆದರೆ ಕಥೆ ಮುಗಿಯಬೇಕಲ್ಲ? ಮುಗಿಯುವುದಿಲ್ಲ, ಆಗಲೇ ಬಿಗಿಯಾಗುತ್ತದೆ. ಸಿಕ್ಕಿಬೀಳುವ ಭಯವೇ ಮುಖ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಯಂತ್ರ ಓಡುವ ಬಗೆ, ನಿಲ್ಲುವ ಬಗೆ

ಇಂಥ ಕಥೆ ಕಟ್ಟುವವರು ಮೊದಲು ಬಿಡಿಸಬೇಕಾದ ಗಂಟು ಪ್ರವೇಶದ್ದು. ಅಪರಿಚಿತನನ್ನು ಗ್ಯಾಂಗು ಯಾಕೆ ಒಳಗೆ ಬಿಟ್ಟುಕೊಳ್ಳಬೇಕು? ಸುಲಭದ ದಾರಿ ಜೈಲು: ಜೊತೆಗೆ ಅನ್ನ ತಿಂದವನನ್ನು ಹೊರಗೆ ಬಂದಮೇಲೂ ನಂಬುತ್ತಾರೆ. 2023ರಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಬಂದ 12 ಕಂತುಗಳ ‘ದಿ ವರ್ಸ್ಟ್ ಆಫ್ ಈವಿಲ್’ ಇನ್ನೊಂದು ದಾರಿ ಹಿಡಿಯಿತು. ಜೀ ಚಾಂಗ್-ವುಕ್‌ನ ಪೊಲೀಸ್ ಪಾತ್ರ ಗ್ಯಾಂಗಿನ ಒಡೆಯನ ಸತ್ತ ಗೆಳೆಯನ ಸಂಬಂಧಿಯೆಂದು ಹೇಳಿಕೊಂಡು ಒಳಗೆ ಹೋಗುತ್ತದೆ. ಸತ್ತವನನ್ನು ಸಾಕ್ಷಿಗೆ ಕರೆಯಲಾಗದು. ಒಡೆಯನಿಗೆ ಗೆಳೆಯನ ಸಾವಿನ ಋಣ ಬೇರೆ ಇದೆ. ಸುಳ್ಳನ್ನು ಎದುರಾಳಿಯ ಪಾಪಪ್ರಜ್ಞೆಯ ಮೇಲೆ ಕಟ್ಟಿದರೆ ಅವನೇ ಅದನ್ನು ಕಾಯುತ್ತಾನೆ.

ಈ ಸರಣಿಯನ್ನು 1990ರ ದಶಕದ ಸಿಯೋಲ್‌ನ ಗಂಗ್ನಮ್ ಬಡಾವಣೆಯಲ್ಲಿ ಇಟ್ಟಿರುವುದಕ್ಕೂ ವ್ಯಾವಹಾರಿಕ ಕಾರಣ ಕಾಣುತ್ತದೆ. ಇಂದಿನ ಸಿಯೋಲ್‌ನಲ್ಲಿ ಹೆಜ್ಜೆಗೊಂದು ಸಿಸಿಟಿವಿ, ಎಲ್ಲರ ಕೈಯಲ್ಲೂ ಕ್ಯಾಮೆರಾ ಫೋನು. ಪೊಲೀಸ್ ತರಬೇತಿಯ ದಿನದ ಒಂದು ಗುಂಪುಚಿತ್ರ ಅಂತರ್ಜಾಲದಲ್ಲಿ ಸಿಕ್ಕಿದರೆ ಮುಗಿಯಿತು ಕಥೆ. ಪೇಜರ್ ಮತ್ತು ಲ್ಯಾಂಡ್‌ಲೈನ್ ಕಾಲಕ್ಕೆ ಹೋದರೆ ಸುಳ್ಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಈಗಿನ ಕಾಲದಲ್ಲೇ ನಡೆಯುವ ಎಷ್ಟೋ ಸರಣಿಗಳು ಎಡವುವುದು ಇಲ್ಲಿ: ನಾಲ್ಕನೇ ಕಂತಿನ ಹೊತ್ತಿಗೆ ‘ಇವನ ಮುಖವನ್ನು ಯಾರೂ ಹುಡುಕಿ ನೋಡಲಿಲ್ಲವೇ?’ ಎಂಬ ಪ್ರಶ್ನೆ ನೋಡುಗನ ತಲೆ ಹೊಕ್ಕರೆ ಮತ್ತೆ ಹೊರಬರುವುದಿಲ್ಲ.

ಪ್ರವೇಶವಾದ ಮೇಲೆ ಪರೀಕ್ಷೆ. ಮಾದಕವಸ್ತು ಸೇವಿಸಿ ತೋರಿಸು, ಇವನನ್ನು ಹೊಡಿ, ಆ ಶವವನ್ನು ಸಾಗಿಸು. ಒಳ್ಳೆಯ ಕಥೆಯಲ್ಲಿ ಪ್ರತಿ ಪರೀಕ್ಷೆಯೂ ಮುಂದೆ ನ್ಯಾಯಾಲಯದಲ್ಲಿ ಇವನ ಸಾಕ್ಷ್ಯವನ್ನೇ ಕೆಡಿಸುವಂಥದ್ದು. ಕೆಟ್ಟ ಕಥೆಯಲ್ಲಿ ಕೊನೆಯ ಕ್ಷಣದಲ್ಲಿ ಯಾರೋ ಬಾಗಿಲು ತಟ್ಟಿ ಅವನನ್ನು ಪಾರುಮಾಡುತ್ತಾರೆ. ಎರಡು ಸಲ ಹೀಗಾದರೆ ನೋಡುಗ ಭಯಪಡುವುದನ್ನು ಬಿಡುತ್ತಾನೆ. ಬಳಿಕ ಸಂಪರ್ಕದ ಕೊಂಡಿ. ಇವನು ಪೊಲೀಸ್ ಎಂದು ಗೊತ್ತಿರುವವನು ಒಬ್ಬನೇ ಅಧಿಕಾರಿ, ದಾಖಲೆ ಒಂದೇ ಕಡತದಲ್ಲಿ. ಅಧಿಕಾರಿ ಸತ್ತರೆ, ಕಡತ ಸುಟ್ಟರೆ ಇವನು ಬರೇ ರೌಡಿ. ‘ಇನ್ಫರ್ನಲ್ ಅಫೇರ್ಸ್’ ಬಂದ ಮೇಲೆ ಇದು ಎಷ್ಟು ಸವೆದಿದೆಯೆಂದರೆ, ದಯಾಳುವಾದ ಹಿರಿಯ ಅಧಿಕಾರಿ ಪರದೆಗೆ ಬರುತ್ತಲೇ ಅವನ ಶ್ರಾದ್ಧದ ತಿಥಿ ಲೆಕ್ಕ ಹಾಕಬಹುದು. ‘ನ್ಯೂ ವರ್ಲ್ಡ್’ ಇದನ್ನು ತಿರುಗಿಸಿತು: ಅಲ್ಲಿ ಕಡತ ಅಳಿಯಲೆಂದು ಹಾರೈಸುವವನು ಪೊಲೀಸನೇ.

‘ದಿ ವರ್ಸ್ಟ್ ಆಫ್ ಈವಿಲ್’ ಇನ್ನೊಂದು ಸೂಕ್ಷ್ಮ ಸೇರಿಸಿತು. ನಾಯಕನ ಹೆಂಡತಿಯೂ ಪೊಲೀಸ್, ಹುದ್ದೆಯಲ್ಲಿ ಇವನಿಗಿಂತ ಮೇಲು. ಗ್ಯಾಂಗಿನ ಒಡೆಯನಿಗೆ (ವಿ ಹಾ-ಜೂನ್) ಅವಳು ಮೊದಲ ಪ್ರೇಮ. ಕಾಕತಾಳೀಯ ಅತಿಯಾಯಿತು ಅನ್ನಿಸಬಹುದು. ಆದರೆ ಕಾಕತಾಳೀಯವನ್ನು ಆರಂಭದಲ್ಲಿಟ್ಟು ಅದರ ಫಲವನ್ನು ಕೊನೆಯವರೆಗೆ ಉಣ್ಣಿಸಿದರೆ ನೋಡುಗ ಕ್ಷಮಿಸುತ್ತಾನೆ. ಕಗ್ಗಂಟು ಬಿಡಿಸಲು ಹತ್ತನೇ ಕಂತಿನಲ್ಲಿ ತಂದರೆ ಕ್ಷಮಿಸುವುದಿಲ್ಲ.

ಹೆಣ್ಣುಮಕ್ಕಳಿಗೆ ಈ ಪ್ರಕಾರ ಬಹುಕಾಲ ಹೆಂಡತಿಯ ಪಾತ್ರವನ್ನೋ ಹೆಣದ ಪಾತ್ರವನ್ನೋ ಕೊಟ್ಟಿತ್ತು. 2021ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಎಂಟು ಕಂತುಗಳ ‘ಮೈ ನೇಮ್’ ಅದನ್ನು ತಲೆಕೆಳಗು ಮಾಡಿತು. ಹಾನ್ ಸೊ-ಹೀ ಪಾತ್ರ ತಂದೆಯ ಕೊಲೆಗಾರನನ್ನು ಹುಡುಕಲು ಗ್ಯಾಂಗು ಸೇರಿ, ಅಲ್ಲಿಂದ ಹೆಸರು ಬದಲಿಸಿಕೊಂಡು ಪೊಲೀಸ್ ಇಲಾಖೆಯೊಳಗೆ ನುಸುಳುತ್ತದೆ. ಅವಳ ತಂದೆಯೇ ಮಾರುವೇಷದ ಪೊಲೀಸ್ ಆಗಿದ್ದ, ಅವನನ್ನು ಕೊಂದವನು ಅವಳನ್ನು ಸಾಕಿದ ಒಡೆಯನೇ. ಗುಟ್ಟು ಊಹಿಸಬಹುದಾದದ್ದೇ. ಆದರೂ ಆ ಒಡೆಯನಾಗಿ ನಟಿಸಿದ ಪಾರ್ಕ್ ಹೀ-ಸೂನ್‌ನ ಮುಖದಲ್ಲಿ ಮಮತೆ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ಕೊನೆಯವರೆಗೂ ಬೇರ್ಪಡಿಸಲಾಗದು.

ನಗೆಯಲ್ಲೂ ಇದೇ ಯಂತ್ರ ಓಡುತ್ತದೆ. 2019ರ ‘ಎಕ್ಸ್‌ಟ್ರೀಮ್ ಜಾಬ್’ನಲ್ಲಿ ಮಾದಕವಸ್ತು ದಳದ ಪೊಲೀಸರು ಗ್ಯಾಂಗನ್ನು ಕಾಯಲು ಎದುರಿನ ಕರಿದ ಕೋಳಿಯ ಹೋಟೆಲನ್ನೇ ಕೊಂಡುಕೊಳ್ಳುತ್ತಾರೆ, ಕೋಳಿ ಎಷ್ಟು ರುಚಿಯಾಗುತ್ತದೆಂದರೆ ಗಿರಾಕಿಗಳ ನೂಕುನುಗ್ಗಲಲ್ಲಿ ಕಾವಲು ಕೆಲಸ ಹಾಳಾಗುತ್ತದೆ. ಸುಮಾರು 5 ಕೋಟಿ ಜನರ ದೇಶದಲ್ಲಿ 1.6 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾಯಿತು.

ಬಂದೂಕಿಲ್ಲದ ಊರಿನ ಹೊಡೆದಾಟ, ಮಸುಕಿಲ್ಲದ ಪರದೆ

ಕೊರಿಯಾದಲ್ಲಿ ಖಾಸಗಿ ಬಂದೂಕು ಸಿಗುವುದು ಬಲು ಕಷ್ಟ. ಬೇಟೆಗಾರರ ಬಂದೂಕುಗಳೂ ಪೊಲೀಸ್ ಠಾಣೆಯ ಸುಪರ್ದಿಯಲ್ಲಿರುತ್ತವೆ. ಹಾಗಾಗಿ ಗ್ಯಾಂಗಿನ ಜಗಳ ಮೀನು ಕೊಯ್ಯುವ ಚಾಕು, ಬೇಸ್‌ಬಾಲ್ ಬ್ಯಾಟು, ಕಬ್ಬಿಣದ ಸಲಾಕೆಯಲ್ಲಿ ನಡೆಯುತ್ತದೆ. ಲಾಂಗು ಮಚ್ಚಿನ ಸಿನಿಮಾ ನೋಡಿ ಬೆಳೆದ ಕನ್ನಡಿಗರಿಗೆ ಇದರ ವ್ಯಾಕರಣ ಗೊತ್ತೇ ಇದೆ. ಬಂದೂಕಿದ್ದರೆ ದೂರದಿಂದ ಕೊಲ್ಲಬಹುದು. ಚಾಕುವಾದರೆ ಹತ್ತಿರ ಹೋಗಬೇಕು, ಮುಖ ನೋಡಬೇಕು. ‘ನ್ಯೂ ವರ್ಲ್ಡ್’ನ ಲಿಫ್ಟ್ ಕಾಳಗ ಕೊರಿಯಾದಲ್ಲಿ ಮನೆಮಾತಾದದ್ದು ಅದಕ್ಕೆ: ತಪ್ಪಿಸಿಕೊಳ್ಳಲು ಜಾಗವಿಲ್ಲದ ಪೆಟ್ಟಿಗೆ, ರಕ್ತಸಿಕ್ತನಾದ ಜಂಗ್ ಚಂಗ್ ‘ಬನ್ರೋ ಒಳಗೆ’ ಎಂದು ಕರೆಯುತ್ತಾನೆ.

ಇವು ಕಿರುತೆರೆಯಲ್ಲಿ ಇಷ್ಟು ಹೆಚ್ಚಿದ್ದು ಈಚೆಗೆ. 2013ರಲ್ಲಿ ಜೆಟಿಬಿಸಿ ವಾಹಿನಿಯ ‘ಹಾರ್ಟ್‌ಲೆಸ್ ಸಿಟಿ’ 20 ಕಂತುಗಳಲ್ಲಿ ಇದನ್ನು ಪ್ರಯತ್ನಿಸಿತ್ತು. ಆದರೆ ಕೊರಿಯಾದ ಟಿವಿಯಲ್ಲಿ ಸಿಗರೇಟನ್ನೂ ಎದುರಿನವನತ್ತ ಚಾಚಿದ ಚಾಕುವನ್ನೂ ಮಸುಕು ಮಾಡಿ ತೋರಿಸುವುದು ರೂಢಿ. ರೌಡಿಯ ಕೈಯಲ್ಲಿ ಬೂದು ಮೋಡವೊಂದು ಅಲ್ಲಾಡುತ್ತಿದ್ದರೆ ಯಾರಿಗೆ ಭಯವಾದೀತು? 2021ರ ನವೆಂಬರ್‌ನಲ್ಲಿ ಡಿಸ್ನಿ ಪ್ಲಸ್ ಕೂಡ ಕೊರಿಯಾಕ್ಕೆ ಕಾಲಿಟ್ಟ ಮೇಲೆ ಒಟಿಟಿಗಳ ನಡುವೆ ಪೈಪೋಟಿ ಹತ್ತಿತು, ಮಸುಕು ಹೋಯಿತು. ವಾರಕ್ಕೆರಡರಂತೆ 16 ಕಂತು ತುಂಬಿಸುವ ಟಿವಿಯ ಲೆಕ್ಕವೂ ಹೋಗಿ 6, 8, 12 ಕಂತುಗಳು ಬಂದವು. ಮಾರುವೇಷದ ಕಥೆಗೆ ಇದು ವರ. 16 ಕಂತು ಎಳೆದರೆ ಗ್ಯಾಂಗಿನ ಒಡೆಯ ಪೆದ್ದನಾಗಿ ಕಾಣತೊಡಗುತ್ತಾನೆ.

ಇನ್ನೊಂದು ಕಾರಣ ಪರದೆಯ ಹೊರಗಿದೆ. ತಮ್ಮದು ಮಾದಕವಸ್ತುಮುಕ್ತ ದೇಶ ಎಂದು ಬಹುಕಾಲ ನಂಬಿದ್ದ ಕೊರಿಯನ್ನರಿಗೆ, 2023ರಲ್ಲಿ ಇಂಥ ಪ್ರಕರಣಗಳಲ್ಲಿ ಸಿಕ್ಕಿಬಿದ್ದವರ ಸಂಖ್ಯೆ 27 ಸಾವಿರ ದಾಟಿದ್ದು ಆಘಾತ. ದಕ್ಷಿಣ ಅಮೆರಿಕದ ಪುಟ್ಟ ದೇಶ ಸುರಿನಾಮ್‌ನಲ್ಲಿ ನೆಲೆಯೂರಿದ ಕೊರಿಯನ್ ಮಾದಕ ದಂಧೆಕೋರನೊಬ್ಬನ ನಿಜ ಪ್ರಕರಣವನ್ನಾಧರಿಸಿದ ‘ನಾರ್ಕೊ-ಸೇಂಟ್ಸ್’ (2022, 6 ಕಂತು) ಈ ಆತಂಕದ ನಡುವೆಯೇ ಬಂತು. ಅದರಲ್ಲಿ ವೇಷ ಹಾಕುವವನು ಪೊಲೀಸನೂ ಅಲ್ಲ, ಬೇಹುಗಾರಿಕೆ ಸಂಸ್ಥೆಗೆ ಕೈಜೋಡಿಸಿದ ವ್ಯಾಪಾರಿ. ತನ್ನ ಹೆಸರು ಕೆಡಿಸಿದರೆಂದು ಸುರಿನಾಮ್ ಸರ್ಕಾರ ಪ್ರತಿಭಟಿಸಿತು.

ಹೆಸರು ಕೆಡಿಸುವ ವಿಷಯದಲ್ಲಿ ಈ ಪ್ರಕಾರಕ್ಕೆ ಹಳೆಯ ಸಾಲವೂ ಇದೆ. ಚೀನಾದ ಯಾನ್‌ಬಿಯನ್ ಕಡೆಯ ಕೊರಿಯನ್ ಮೂಲದವರನ್ನು ಬಾಡಿಗೆ ಕೊಲೆಗಾರರಾಗಿ ತೋರಿಸುವುದು ಇಲ್ಲಿ ಸಿದ್ಧ ಸರಕು. ‘ನ್ಯೂ ವರ್ಲ್ಡ್’ನಲ್ಲೂ ಇದ್ದಾರೆ, ಹರಕು ಬಟ್ಟೆಯ ಹಾಸ್ಯಪಾತ್ರಗಳಾಗಿ. ಸಿಯೋಲ್‌ನಲ್ಲಿ ಕೂಲಿನಾಲಿ ಮಾಡಿ ಬದುಕುವ ಆ ಸಮುದಾಯ 2017ರಲ್ಲಿ ಇಂಥದೇ ಚಿತ್ರವೊಂದರ ವಿರುದ್ಧ ಬೀದಿಗಿಳಿಯಿತು.

ಕಾನೂನು ಪುಸ್ತಕದಲ್ಲಿರುವ ಮಾರುವೇಷ

ನಿಜದಲ್ಲಿ ಕೊರಿಯನ್ ಪೊಲೀಸ್ ಎಂಟು ವರ್ಷ ಗ್ಯಾಂಗಿನಲ್ಲಿರಬಹುದೇ? ಸುಳ್ಳು ಗುರುತಿನ ತನಿಖೆಗೆ ಸ್ಪಷ್ಟ ಕಾನೂನು ಬಂದದ್ದೇ 2021ರ ಸೆಪ್ಟೆಂಬರ್ 24ರಂದು, ಅದೂ ಮಕ್ಕಳ ಮೇಲಿನ ಡಿಜಿಟಲ್ ಲೈಂಗಿಕ ಅಪರಾಧಗಳಿಗೆ ಮಾತ್ರ. ಟೆಲಿಗ್ರಾಂನ ಗುಪ್ತ ಕೋಣೆಗಳಲ್ಲಿ ನಡೆದ ‘ಎನ್ತ್ ರೂಮ್’ ಪ್ರಕರಣ ದೇಶವನ್ನು ಕಲಕಿದ್ದೇ ಅದಕ್ಕೆ ಕಾರಣ. ಅದರಲ್ಲಿ ಎರಡು ಹಂತಗಳಿವೆ. ಪೊಲೀಸ್ ಎಂದು ಹೇಳಿಕೊಳ್ಳದೆ ಒಳಹೊಕ್ಕು ಸಾಕ್ಷ್ಯ ಕಲೆಹಾಕಲು ಮೇಲಧಿಕಾರಿಯ ಪೂರ್ವಾನುಮತಿ ಸಾಕು, ಮಿತಿ 3 ತಿಂಗಳು. ನಕಲಿ ದಾಖಲೆ ಮಾಡಿಕೊಂಡು ಬೇರೆಯವನಾಗಿ ವ್ಯವಹರಿಸಬೇಕಾದರೆ ಪ್ರಾಸಿಕ್ಯೂಟರ್ ಮೂಲಕ ನ್ಯಾಯಾಲಯದ ಅನುಮತಿ ಬೇಕು. ಅದೂ 3 ತಿಂಗಳಿಗೆ, ಎಷ್ಟೇ ವಿಸ್ತರಿಸಿದರೂ ಒಟ್ಟು 1 ವರ್ಷ. 2025ರ ಜೂನ್‌ನಿಂದ ವಯಸ್ಕರು ಬಲಿಯಾದ ಡಿಜಿಟಲ್ ಲೈಂಗಿಕ ಅಪರಾಧಗಳಿಗೂ ಇದು ಅನ್ವಯವಾಯಿತು. ಅಂದರೆ ಇಂದಿನ ಜಾ-ಸಂಗ್ ಲಿಫ್ಟಿನಲ್ಲಿಲ್ಲ, ಚಾಟ್ ಕಿಟಕಿಯ ಮುಂದೆ ಕೂತಿದ್ದಾನೆ.

ಬಲೆ ಬೀಸುವ ತನಿಖೆಗೆ ಕೊರಿಯಾದ ಸುಪ್ರೀಂ ಕೋರ್ಟ್ 2005ರಲ್ಲಿ ಗೆರೆ ಎಳೆದಿದೆ. ಅಪರಾಧ ಮಾಡಲು ಮೊದಲೇ ಮನಸ್ಸು ಮಾಡಿದವನಿಗೆ ಅವಕಾಶ ಒಡ್ಡಿದ ಮಾತ್ರಕ್ಕೆ ತಪ್ಪಲ್ಲ. ಮನಸ್ಸಿಲ್ಲದವನಲ್ಲಿ ತನಿಖಾಧಿಕಾರಿಯೇ ಕುತಂತ್ರದಿಂದ ಅಪರಾಧದ ಆಸೆ ಬಿತ್ತಿದರೆ ಆ ಮೊಕದ್ದಮೆಯೇ ನಿಲ್ಲುವುದಿಲ್ಲ. ಈ ಗೆರೆ ತಲೆಯಲ್ಲಿಟ್ಟುಕೊಂಡು ನೋಡಿದರೆ, ಸರಣಿಗಳ ನಾಯಕರು ತಂದೊಪ್ಪಿಸುವ ಕೇಸುಗಳಲ್ಲಿ ಎಷ್ಟೋ ಮೊದಲ ವಿಚಾರಣೆಯಲ್ಲೇ ಬಿದ್ದುಹೋಗುವಂಥವು. ಕಥೆಗಾರರಿಗೂ ಇದು ಗೊತ್ತಿದ್ದಂತಿದೆ. ಅದಕ್ಕೇ ಕೊನೆಯ ಲೆಕ್ಕಾಚಾರ ನ್ಯಾಯಾಲಯದವರೆಗೆ ಹೋಗದೆ ಬಂದರಿನ ಗೋದಾಮಿನಲ್ಲೇ ಚುಕ್ತಾ ಆಗುತ್ತದೆ.

ಹೊಸದಾಗಿ ನೋಡುವವರು ‘ಮೈ ನೇಮ್’ನಿಂದ ಆರಂಭಿಸಬಹುದು, ಎರಡು ರಾತ್ರಿಯ ಕೆಲಸ. ‘ದಿ ವರ್ಸ್ಟ್ ಆಫ್ ಈವಿಲ್’ಗೆ ಒಂದು ವಾರ ಇಟ್ಟುಕೊಳ್ಳಿ, ಮೊದಲೆರಡು ಕಂತುಗಳಲ್ಲಿ ಹೆಸರುಗಳ ಗೋಜಲು ಹೆಚ್ಚು, ಮೂರನೆಯದರಿಂದ ಹಾದಿಗೆ ಬರುತ್ತದೆ. ‘ನ್ಯೂ ವರ್ಲ್ಡ್’ ಮಾತ್ರ ಒಂದೇ ಬೈಠಕ್ಕಿನಲ್ಲಿ ನೋಡಬೇಕು. ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಸಿಕ್ಕರೂ ಮೂಲ ಧ್ವನಿಯನ್ನೇ ಇಟ್ಟುಕೊಳ್ಳಿ, ‘ಹ್ಯಂಗ್‌ನಿಮ್’ ಎಲ್ಲಿ ‘ಹ್ಯಂಗ್’ ಆಯಿತೆಂದು ಕಿವಿಗೊಡಿ. ಕುರ್ಚಿಯ ತೀರ್ಮಾನವಾದ ಕೂಡಲೇ ಎದ್ದುಹೋಗಬೇಡಿ. ಆಮೇಲೂ ಒಂದು ತುಣುಕಿದೆ: ಆರು ವರ್ಷ ಹಿಂದಿನ ಯೋಸು, ಅಗ್ಗದ ಬಟ್ಟೆ ತೊಟ್ಟ ಇಬ್ಬರು ಹುಡುಗರು, ಮೈಮೇಲೆ ರಕ್ತ. ಇಡೀ ಚಿತ್ರದಲ್ಲಿ ಜಾ-ಸಂಗ್ ಮನಸಾರೆ ನಗುವುದು ಅಲ್ಲಿ.